ನಿಲ್ಲಿಸುವ ಗುಂಡಿ

“ಮೇಷ್ಟ್ರೇ, ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಭಾವೀ ಶಿಕ್ಷಕಿಯಾಗಿ ತರಗತಿಯಲ್ಲಿ ತಂತ್ರಜ್ಞಾನ ಬಳಸೋಕೆ ನನ್ನ ಗುರಿಗಳು ಏನು ಅಂತ ಬರೀಬೇಕಂತೆ. ನಾಲ್ಕು ಪುಟ. ನಿಮ್ಮ ಕಾಲದಲ್ಲಿ ನಿಮ್ಮ ಗುರಿ ಏನಿತ್ತು?”

ಪಕ್ಕದ ಮನೆ ಹುಡುಗಿ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕೇಳಿದಳು. ಬಿ.ಎಡ್. ಎರಡನೇ ವರ್ಷ, ಗಣಿತ–ಭೌತಶಾಸ್ತ್ರ ಅವಳ ಮೆಥಡ್ಸು. ನಾನು ಅದೇ ಗಣಿತವನ್ನು ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತನಾದವನು. ನನಗಿದ್ದ ಗುರಿ ಒಂದೇ, ಡಸ್ಟರು ಯಾರೂ ಕದಿಯದೆ ಸಂಜೆಯವರೆಗೆ ಮೇಜಿನ ಮೇಲೇ ಇರಬೇಕು. ಅದನ್ನೇ ಹೇಳಿದೆ. ಅವಳು ನಗಲಿಲ್ಲ. ಈಗಿನವರಿಗೆ ಗುರಿ ಎಂದರೆ ಗಂಭೀರ ವಿಷಯ.

ನಮ್ಮ ಕಾಲಕ್ಕೆ ಬಿ.ಎಡ್. ಒಂದೇ ವರ್ಷ. ಥರ್ಮೊಕೋಲು ಕತ್ತರಿಸಿ, ಚಾರ್ಟಿಗೆ ಬಣ್ಣ ಬಳಿದು, ರೆಕಾರ್ಡು ಬರೆಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು. 2015ರಿಂದ ಅದು ಎರಡು ವರ್ಷವಾಯಿತು. ಹೆಚ್ಚಿಗೆ ಬಂದ ಆ ವರ್ಷವನ್ನು ಪಿಪಿಟಿ ತಿನ್ನುತ್ತದೆ ಎಂದು ನನ್ನ ಗುಮಾನಿ.

“ಸರಿ, ನೀನೇನು ಬರೆದುಕೊಂಡಿದ್ದೀಯ, ಓದು” ಎಂದೆ. ಓದಿದಳು. ಸ್ಮಾರ್ಟ್ ಬೋರ್ಡು, ಕ್ವಿಜ್ ಆ್ಯಪು, ವಿಆರ್ ಕನ್ನಡಕ ಹಾಕಿಸಿ ಸೌರಮಂಡಲ ಸುತ್ತಿಸುವುದು, ಪ್ರತಿ ಮಗುವಿಗೂ ಎಐ ಗೆಳೆಯ. ಕೇಳುತ್ತ ಕೇಳುತ್ತ ನನಗೇ ಮತ್ತೆ ಎಂಟನೇ ತರಗತಿಗೆ ಸೇರಿಬಿಡೋಣ ಅನ್ನಿಸಿತು. “ಇದನ್ನೆಲ್ಲ ನೀನೇ ಬರೆದೆಯಾ?” ಎಂದರೆ ನಾಲಿಗೆ ಕಚ್ಚಿಕೊಂಡಳು. ಚಾಟ್‌ಜಿಪಿಟಿ ಬರೆದದ್ದಂತೆ. ತೊಂದರೆ ಏನೆಂದರೆ, ಅವಳ ತರಗತಿಯಲ್ಲಿ ಇನ್ನೂ ಹಲವರಿಗೆ ಇವೇ ಗುರಿಗಳು, ಇದೇ ಕ್ರಮದಲ್ಲಿ ಒಲಿದಿವೆ.

ಯಂತ್ರ ಬಂದು ಮೇಷ್ಟ್ರ ಕೆಲಸ ಮಾಡಿಬಿಡುತ್ತದೆ ಎಂಬ ಮಾತು ಬಹಳ ಹಳೆಯದಮ್ಮ ಎಂದೆ. 1913ರಲ್ಲಿ ಎಡಿಸನ್ ಮಹಾಶಯ, ಇನ್ನು ಹತ್ತು ವರ್ಷಕ್ಕೆ ಶಾಲೆಯಲ್ಲಿ ಪುಸ್ತಕವೇ ಇರುವುದಿಲ್ಲ, ಸಿನಿಮಾ ನೋಡಿಯೇ ಮಕ್ಕಳು ಕಲಿಯುತ್ತಾರೆ ಎಂದಿದ್ದ. ಬಲ್ಬು ಕೊಟ್ಟವನ ಮಾತು, ಯಾರು ತಾನೇ ಇಲ್ಲ ಅಂದಾರು? ನೂರು ವರ್ಷ ಕಳೆದರೂ ನಮ್ಮ ಮಕ್ಕಳ ಬ್ಯಾಗಿನ ತೂಕದ ಬಗ್ಗೆ ಸುತ್ತೋಲೆ ಹೊರಡಿಸುವುದು ತಪ್ಪಿಲ್ಲ.

ನಮ್ಮಲ್ಲೂ ಆಗಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್–6 ಉಪಗ್ರಹವನ್ನು ಕಡ ತಂದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ಸೈಟ್ ಪ್ರಯೋಗ ಅಂತ ಅದರ ಹೆಸರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಪಾಲಿಗೆ ಆ ಭಾಗ್ಯ. ಕೋಳಿಗೂಡಿಗೆ ಹಾಕುವ ತಂತಿಬಲೆಯಲ್ಲಿ ಮಾಡಿದ ಹತ್ತಡಿ ಅಗಲದ ಆಂಟೆನಾ, ಕೆಳಗೆ ಟಿ.ವಿ., ಅದರೆದುರು ಇಡೀ ಊರು. ಬೆಳಿಗ್ಗೆ ಶಾಲಾ ಮಕ್ಕಳ ಪಾಠ, ಸಂಜೆ ದೊಡ್ಡವರ ಕಾರ್ಯಕ್ರಮ. ಆಗ ರಾಯಚೂರಿನ ಕಡೆ ಮೇಷ್ಟ್ರಾಗಿದ್ದ ನಮ್ಮ ಸೋದರಮಾವ ಹೇಳುತ್ತಿದ್ದರು: ಟಿ.ವಿ.ಯಲ್ಲಿ ಪಾಠ ನಡೆಯುವಾಗ ಹುಡುಗನೊಬ್ಬ ಎದ್ದು ನಿಂತು, ಕೈಕಟ್ಟಿ, “ಇನ್ನೊಮ್ಮಿ ಹೇಳ್ರಿ ಸರ” ಅಂದನಂತೆ. ಟಿ.ವಿ. ಸರ್ ಕೇಳಿಸಿಕೊಳ್ಳಲಿಲ್ಲ, ಮುಂದಿನ ಪಾಠಕ್ಕೆ ಹೋದರು. ವರ್ಷ ತುಂಬಿದ ಮೇಲೆ ಉಪಗ್ರಹವೂ ಹೋಯಿತು.

ಆಮೇಲೆ 2004ರಲ್ಲಿ ನಮ್ಮದೇ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮೇಲೆ ಡಿಶ್‌ಗಳು ಕೂತವು. 2020ರಲ್ಲಿ ಕೊರೊನಾ ಬಂದಾಗ ಚಂದನ ಟಿ.ವಿ.ಯಲ್ಲಿ ಪಾಠ ಬಂತು. ಅದೇ ವರ್ಷ ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಬರೀ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿದರು. ಹಾಜರಿ ಪುಸ್ತಕದಲ್ಲಿ ಎಂದೂ ಇಲ್ಲದ ವರ್ಗೀಕರಣ ಅದು. ಕಡೆಗೆ ಮೇಷ್ಟ್ರುಗಳು ಅರಳಿಕಟ್ಟೆಗೂ ಗುಡಿಯಂಗಳಕ್ಕೂ ಹೋಗಿ ಕೂತರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

“ಅಂದ್ರೆ ಯಾವುದೂ ಬೇಡ ಅಂತೀರಾ?” ಹುಡುಗಿಗೆ ರೇಗಿತು. “ನಾನು ಚಿಕ್ಕ ಕ್ಲಾಸಲ್ಲಿ ರೇಡಿಯೊದಲ್ಲಿ ಚುಕ್ಕಿ–ಚಿಣ್ಣ ಪಾಠ ಕೇಳ್ತಿದ್ದೆ. ಅವರು ಪ್ರಶ್ನೆ ಕೇಳಿ ಸುಮ್ಮನಾಗೋರು. ನಾವೆಲ್ಲ ಕಿರುಚಿ ಉತ್ತರ ಹೇಳ್ತಿದ್ವಿ. ಆಮೇಲೆ ಅವರೂ ಹೇಳೋರು. ಸರಿಯಾಗಿದ್ರೆ ಕುಣೀತಿದ್ವಿ.”

ಇದು ನನಗೆ ಹೊಳೆದಿರಲಿಲ್ಲ. ಹಿಂದಕ್ಕೂ ಹೋಗದ, ನಿಲ್ಲಿಸಲೂ ಬರದ ಬಡ ರೇಡಿಯೊ, ಆದರೆ ಪಾಠ ಬರೆದವರು ಅದರೊಳಗೇ ಮೌನ ತುಂಬಿ ಕಳಿಸಿದ್ದರು. ಮಕ್ಕಳು ಮಾತಾಡುವಷ್ಟು ಜಾಗ. ಯೂಟ್ಯೂಬಿನಲ್ಲಿ ಪಾಠ ಹೇಳುವ ಎಷ್ಟೋ ಮಹನೀಯರಿಗೆ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲ.

ಅಲ್ಲಿಗೆ ಮಾತು ಅವಳ ಇಂಟರ್ನ್‌ಶಿಪ್ಪಿಗೆ ತಿರುಗಿತು. ಹಳ್ಳಿಯ ಸರ್ಕಾರಿ ಹೈಸ್ಕೂಲು. ಕಂಪ್ಯೂಟರ್ ಕೋಣೆಯ ಬೀಗದ ಕೈ ಹೆಡ್‌ಮೇಷ್ಟ್ರ ಬಳಿ, ಹೆಡ್‌ಮೇಷ್ಟ್ರು ಬಿಇಓ ಕಚೇರಿಯ ಮೀಟಿಂಗಿನಲ್ಲಿ. ಉಳಿದ ಮೇಷ್ಟ್ರುಗಳಿಗೆ ಕಂಪ್ಯೂಟರ್ ಎಂದರೆ ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ ತುಂಬುವ ಯಂತ್ರ. ಪಠ್ಯಪುಸ್ತಕದಲ್ಲಿ ದೀಕ್ಷಾ ಪೋರ್ಟಲಿನ ಕ್ಯೂಆರ್ ಚೌಕಗಳೇನೋ ಇವೆ. ಅವನ್ನು ಸ್ಕ್ಯಾನ್ ಮಾಡಬೇಕಾದ ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ. ಒಬ್ಬ ಹುಡುಗ ಆ ಚೌಕಕ್ಕೆ ಪೆನ್ಸಿಲಿನಲ್ಲಿ ಕಣ್ಣು, ಮೂಗು, ಮೀಸೆ ಬರೆದಿದ್ದನಂತೆ.

ಇವಳು ತನ್ನ ಲ್ಯಾಪ್‌ಟಾಪನ್ನೇ ಒಯ್ದು, ಸ್ಟಾಫ್‌ರೂಮಿನ ಟಿ.ವಿ.ಗೆ ತಂತಿ ಸಿಕ್ಕಿಸಿ, ಜಿಯೋಜೀಬ್ರಾ ತೆರೆದಿದ್ದಾಳೆ. ಇಂಟರ್‌ನೆಟ್ ಇಲ್ಲದಿದ್ದರೂ ಅದು ನಡೆಯುತ್ತದೆ, ದುಡ್ಡೂ ಕೊಡಬೇಕಿಲ್ಲ. ಅದನ್ನು ಮಾಡಿದ ಮಾರ್ಕುಸ್ ಹೋಹೆನ್ವಾರ್ಟರ್ ಕೂಡ ಇವಳ ಹಾಗೆ ಗಣಿತ ಶಿಕ್ಷಣ ಓದುತ್ತಿದ್ದವನೇ. 2001ರ ಸುಮಾರಿಗೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರಬಂಧಕ್ಕೆಂದು ಶುರು ಮಾಡಿದ್ದು. ಅವನ ಅಸೈನ್‌ಮೆಂಟು ಪ್ರಪಂಚ ಸುತ್ತಿತು.

ಪಾಠ ವೃತ್ತದ್ದು. ಒಂದು ಜ್ಯಾ ಎಬಿ, ಪರಿಧಿಯ ಮೇಲೆ ಪಿ ಎಂಬ ಬಿಂದು. ಎಪಿಬಿ ಕೋನ 50 ಡಿಗ್ರಿ. ನಾನಾಗಿದ್ದರೆ ಕರಿಹಲಗೆಯ ಮೇಲೆ ನಾಲ್ಕು ವೃತ್ತ ಬರೆದು, ಪಿಯನ್ನು ನಾಲ್ಕು ಕಡೆ ಇಟ್ಟು, ಕೋನಮಾಪಕದಲ್ಲಿ ಅಳೆದು, 49, 51 ಎಂದೆಲ್ಲ ಬಂದರೂ “50 ಅಂತ ಬರ್ಕೊಳ್ರೋ” ಎಂದು ಗದರಿಸುತ್ತಿದ್ದೆ. ಇವಳು ಮೌಸ್ ಹಿಡಿದು ಪಿಯನ್ನು ದೊಡ್ಡ ಕಂಸದುದ್ದಕ್ಕೂ ಎಳೆದಳು. ಗೆರೆಗಳು ಓಡಾಡುತ್ತಿವೆ, ಅಂಕಿ ಮಾತ್ರ 50ರಲ್ಲೇ ನಿಂತಿದೆ. ಹಿಂದಿನ ಬೆಂಚಿನಿಂದ ದನಿ: “ಮಿಸ್, ಕಂಪ್ಯೂಟರ್ ಹ್ಯಾಂಗ್ ಆಯ್ತು!”

ನೋಡಿ, ಪ್ರಮೇಯ ಎಂದರೆ ಇದೇ ಅಲ್ಲವೆ? ಬದಲಾಗಬೇಕಾದದ್ದು ಯಾಕೆ ಬದಲಾಗುತ್ತಿಲ್ಲ ಎಂಬ ಅನುಮಾನ. ಅದನ್ನು ಸಾಧಿಸಲು ಹೊರಟ ಮೇಲೆ ಬೇಕಾಗುವುದು ಕಾಗದ, ಪೆನ್ಸಿಲು. ಅನುಮಾನ ಹುಟ್ಟಿಸಲು ಮಾತ್ರ ನನ್ನ ನಾಲ್ಕು ವೃತ್ತಗಳಿಂದ ಎಂದೂ ಆಗಲಿಲ್ಲ. ನಿಂತ ಚಿತ್ರಕ್ಕೆ ಆ ಶಕ್ತಿ ಇಲ್ಲ.

“ಆಮೇಲೆ?”

“ಆಮೇಲೆ ಪಿಯನ್ನ ಬಿ ಹತ್ತಿರ ತಂದು ನಿಲ್ಲಿಸ್ದೆ. ಈಗ ಬಿ ದಾಟಿಸ್ತೀನಿ, ಆ ಕಡೆಯ ಚಿಕ್ಕ ಕಂಸಕ್ಕೆ ಹೋಗುತ್ತೆ, ಕೋನ ಎಷ್ಟಾಗುತ್ತೆ ಹೇಳಿ ಅಂದೆ. ಎಲ್ಲಾರೂ 50 ಅಂದ್ರು. ಆ ಹ್ಯಾಂಗ್ ಹುಡುಗ ಒಬ್ಬನೇ ಸೊನ್ನೆ ಅಂದ. ಬೋರ್ಡ್ ಮೇಲೆ ಬರೆದುಕೊಂಡೆ. ಅರ್ಧ ಪೀರಿಯಡ್ ಜಗಳ. ಆಮೇಲೆ ದಾಟಿಸಿದ್ರೆ 130!”

130 ಕಂಡಾಗ ಎದ್ದ ಗಲಾಟೆಗೆ ಪಕ್ಕದ ತರಗತಿಯ ಮೇಡಂ ಬಂದು ಬಾಗಿಲಲ್ಲಿ ನಿಂತರಂತೆ. 50ಕ್ಕೆ 130 ಸೇರಿಸಿದರೆ 180 ಎಂದು ಕಂಡುಹಿಡಿದವಳು ಮುಂದಿನ ಬೆಂಚಿನ, ವರ್ಷವಿಡೀ ಬಾಯಿ ಬಿಡದ ಹುಡುಗಿ. ಚಕ್ರೀಯ ಚತುರ್ಭುಜದ ಪ್ರಮೇಯ ಆ ತರಗತಿಯಲ್ಲಿ ಇನ್ನೂ ಕಲಿಸಿರಲೇ ಇಲ್ಲ.

“ಇಷ್ಟೊತ್ತು ಇದನ್ನ ಬಚ್ಚಿಟ್ಟುಕೊಂಡು ನನ್ನ ಗುರಿ ಕೇಳ್ತಿದ್ದೀಯಾ?” ಎಂದೆ. “ಬಿಂದು ಎಳೆಯೋದು ಆ ಮಾರ್ಕುಸ್ ಕೊಟ್ಟದ್ದು. ಬಿ ಹತ್ತಿರ ತಂದು ನಿಲ್ಲಿಸಿದೆಯಲ್ಲ, ಅದು ನಿನ್ನದು. ಅದನ್ನ ಬರಿ. ಯಾವ ಪಾಠದಲ್ಲಿ ಯಾವ ಕ್ಷಣಕ್ಕೆ ನಿಲ್ಲಿಸ್ತೀನಿ, ನಿಲ್ಲಿಸಿ ಏನು ಕೇಳ್ತೀನಿ ಅಂತ. ವಿಡಿಯೊ ತೋರಿಸಿದ್ರೂ ಅಷ್ಟೆ, ಅನ್ನಕ್ಕಿಟ್ಟ ಪಾತ್ರೆ ಥರ ಕಾಯ್ತಾ ಇರಬೇಕು, ಉಕ್ಕೋಕೆ ಮುಂಚೆ ಕೈ ಹೋಗಬೇಕು.”

“ನಾನು ಇನ್ನೊಂದು ಮಾಡ್ತೀನಿ. ವಿಡಿಯೊ ಮ್ಯೂಟ್ ಮಾಡಿ ಹಾಕ್ತೀನಿ. ಏನಾಗ್ತಿದೆ ಅಂತ ಮಕ್ಕಳೇ ಕಾಮೆಂಟರಿ ಹೇಳಬೇಕು, ಕ್ರಿಕೆಟ್ ಥರ.” ನನಗೆ ಹೊಟ್ಟೆಕಿಚ್ಚಾಯಿತು. ಇಂಗ್ಲಿಷ್ ವಿಡಿಯೊ ಅರ್ಥವಾಗದು ಎಂಬ ರಗಳೆಯೂ ತಪ್ಪಿತಲ್ಲ. “ಆದ್ರೆ ಮೌಸ್ ಪೂರ್ತಿ ಪೀರಿಯಡ್ ನನ್ನ ಕೈಲೇ ಇತ್ತು ಮೇಷ್ಟ್ರೇ. ಕೊಟ್ರೆ ಒಬ್ಬರಿಗೇ ಕೊಡಬೇಕು, ಉಳಿದವರು ಜಗಳ ಆಡ್ತಾರೆ.”

“ಆಡಲಿ ಬಿಡು. ಗಣಿತದ ಪೀರಿಯಡ್ಡಿನಲ್ಲಿ ನಾನೇ ಮಾಡ್ತೀನಿ ಅಂತ ಜಗಳ ಆಡೋ ಮಕ್ಕಳನ್ನ ನಾನು ಕಾಣದೇ ರಿಟೈರ್ ಆದೆ.”

ಅವಳು ಪುಸ್ತಕ ತೆರೆದು ಮೂರು ಸಾಲು ಬರೆದುಕೊಂಡಳು. ಎಣಿಸಿದಳು. ರೆಕಾರ್ಡಿನಲ್ಲಿ ಕನಿಷ್ಠ ಐದು ಗುರಿಗಳಿರಬೇಕಂತೆ, ಒಂದಾದರೂ ‘ಅತ್ಯಾಧುನಿಕ’ವಾಗಿರಬೇಕಂತೆ. “ವಿಆರ್ ಕನ್ನಡಕ ಹಾಗೇ ಬಿಟ್ಟಿರ್ಲಾ?”

“ಬಿಟ್ಟಿರು. ಐದನೇದು ಮಾಡು. ಅಂಕ ಕೊಡೋರಿಗೂ ಏನಾದರೂ ಬೇಕಲ್ಲ.”

ನಾಲ್ಕನೆಯದು ಅವಳಿಗೆ ತಾನಾಗಿಯೇ ಹೊಳೆಯಿತು: ಕರೆಂಟು ಹೋದರೆ ಏನು ಮಾಡುವುದು. ಅಂತಿಮ ಬೋಧನಾ ಪರೀಕ್ಷೆಯೂ ವೃತ್ತದ ಪಾಠದ್ದೇ ಅಂತೆ, ಅದಕ್ಕೆ ನನ್ನ ಮರದ ಕೈವಾರ ಬೇಕಂತೆ. ಅಟ್ಟದ ಮೇಲಿದೆ, ಕೊಡುತ್ತೇನೆ ಎಂದೆ. ಸೀಮೆಸುಣ್ಣ ಹಿಡಿಯುವ ಕಡೆಯ ಸ್ಕ್ರೂ ಮಾತ್ರ ಸಡಿಲ. ಬಿಗಿ ಮಾಡಿಸದಿದ್ದರೆ ಅದರ ವೃತ್ತ ಹೊರಟ ಜಾಗಕ್ಕೆ ಎಂದೂ ಬಂದು ಮುಟ್ಟುವುದಿಲ್ಲ ಎಂದು ಎಚ್ಚರಿಸಿದೆ.