ದಯಾ ಮಾಗ್ಯಾನೋ, ಮುಪ್ಪಾಗ್ಯಾನೋ?

(ಆಳಂದ ಬಸ್ ನಿಲ್ದಾಣದ ಎದುರಿನ ಚಾದಂಗಡಿ. ಅಫಜಲಪುರದ ಮಾಸ್ತರ, ಜೇವರ್ಗಿಯ ತೊಗರಿ ಸಾವಕಾರ. ಬಸ್ ಬರುವ ಲಕ್ಷಣವಿಲ್ಲ, ಹಾಗಾಗಿ ಕಲಾವಿಮರ್ಶೆ.)

ಮಾಸ್ತರ: ಸಾವಕಾರ್ರ, ‘ಸಿಐಡಿ’ ದಯಾ ಈಗ ಭಾಳ ಮಾಗ್ಯಾನ ನೋಡ್ರಿ.

ಸಾವಕಾರ: ಏನ್ ಮಾಗ್ಯಾನ್ರಿ? 1998ರಾಗ ಶುರುವಾದ ಧಾರಾವಾಹಿ. 2018ರಾಗ ನಿಂತಾಗೂ ಬಾಗಲಾ ಒದಿತಿದ್ದ. 2024ರ ಡಿಸೆಂಬರ್‌ದಾಗ ಮತ್ತ ಬಂದಾನ. ಅದ ಕಾಲು, ಅದ ಬಾಗಲಾ.

ಮಾಸ್ತರ: ಹಂಗಲ್ಲರೀ. ಜೀವದ ಗೆಳೆಯ ಅಭಿಜಿತನೇ ಗುಂಡು ಹೊಡದ. ಆ ನೋವು ಮಾರಿ ಮ್ಯಾಲ ಕಾಣ್ತದ.

ಸಾವಕಾರ: ಅದು ನೋವಲ್ಲರೀ, ಬಡ್ತಿ ಸಿಗಲಾರದ ಸಿಟ್ಟು. ಇಷ್ಟು ವರ್ಷ ಆದ್ರೂ ಬರೇ ಸೀನಿಯರ್ ಇನ್‌ಸ್ಪೆಕ್ಟರ್! ಪಾತ್ರ ಮಾಡೂ ದಯಾನಂದ ಶೆಟ್ರು ನಮ್ಮ ಕರಾವಳಿ ಮೂಲದವ್ರು. ಕಲಬುರಗಿ ಕಡೆಯವ್ರಾಗಿದ್ರ 371ಜೆ ಮೀಸಲಾತಿ ಸರ್ಟಿಫಿಕೇಟರೆ ಸಿಗ್ತಿತ್ತು.

ಮಾಸ್ತರ: ಅದನ್ನ ಮಾಡಸ್ಲಿಕ್ಕೂ ನಾಕ್ ಬಾಗಲಾ ಒದಿಬೇಕ್ರಿ.

ಸಾವಕಾರ: ಈ ದಯಾ ಒಮ್ಮೆರೆ ಕೀಲಿ ಕೇಳ್ಯಾನೇನು? ‘ಯಾರರೆ ಅದೀರೇನು’ ಅಂತ ಒದರ್‍ಯಾನೇನು? ನಮ್ಮ ವಾಡೇದ ಸಾಗವಾನಿ ಬಾಗಲಾ ಒದೀಲಿ, ಒಂದ ಏಟಿಗೆ ಶಾಣ್ಯಾ ಆಗ್ತಾನ.

ಮಾಸ್ತರ: ಹಂಗಾದ್ರ ಅಂವಗ ಬುದ್ಧಿ ಬರೂದ ಇಲ್ಲೇನು?

ಸಾವಕಾರ: ಬಂದ ದಿನಾನೇ ಧಾರಾವಾಹಿ ಮುಗೀತದ್ರಿ. ಟಿಆರ್‌ಪಿ ಇರೂದು ಅವನ ಕಾಲಾಗ, ತಲ್ಯಾಗ ಅಲ್ಲ.