ಪುಳಕಮೀಮಾಂಸೆ: ತುಮಕೂರು ಸೀಮೆಯ ದಂಪತಿಗಳ ಗೃಹಪುಳಕವನ್ನು ಕುರಿತ ಶಾಸ್ತ್ರವಿಚಾರ

ಶಾಸ್ತ್ರವೆನಿಸಿಕೊಳ್ಳಬಯಸುವ ಯಾವ ಗ್ರಂಥವೇ ಆಗಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾಗಿರುವುದರಿಂದ ಪ್ರಕೃತ ವಿಚಾರದಲ್ಲಿಯೂ ಅದನ್ನು ಮೀರಿಲ್ಲ. ಇಲ್ಲಿಯ ವಿಷಯವು ಗೃಹಪುಳಕ. ಎಂದರೆ ಮನೆಯೊಳಗೆ ಸಂಗಾತಿಯ ಪಿಸುಮಾತಿನಿಂದಲೋ ಬೆರಳಿನಿಂದಲೋ ಬಾಚಣಿಗೆಯಿಂದಲೋ ಹುಟ್ಟಿ, ನೆತ್ತಿಯಲ್ಲಿ ಮೊದಲಾಗಿ, ಹಿಂಗತ್ತಿನಿಂದ ಬೆನ್ನಿನಗುಂಟ ಇಳಿದು, ಅನುಭವಿಸುವವರನ್ನು ಅರೆನಿದ್ದೆಗೆ ಒಯ್ಯುವ ಹಿತವಾದ ಜುಮ್ಮೆನ್ನುವಿಕೆ. ಪ್ರಯೋಜನವು ಉಳಿದರ್ಧ ನಿದ್ದೆ. ಸಂಬಂಧವು ಈ ಸೀಮೆಯಲ್ಲಿ ಬಹುಮಟ್ಟಿಗೆ ಸೋದರಮಾವನ ಕಡೆಯದು. ಅಧಿಕಾರಿ ಯಾರೆಂಬುದಷ್ಟೇ ಕೊಂಚ ಜಟಿಲವಾಗಿದ್ದು, ಬೆಳಗಿನ ರೈಲು ಹತ್ತಿ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ರಾತ್ರಿ ತುಮಕೂರಿಗೆ ಮರಳುವ, ಮಕ್ಕಳನ್ನು ಮಲಗಿಸಿರುವ, ಅತ್ತೆಯವರು ಎಡೆಯೂರಿನ ಸಿದ್ಧಲಿಂಗೇಶ್ವರನ ದರ್ಶನಕ್ಕೆ ತೆರಳಿರುವ ದಂಪತಿಗಳನ್ನು ಮುಖ್ಯಾಧಿಕಾರಿಗಳೆಂದೂ, ಅತ್ತೆಯವರು ನಡುಮನೆಯಲ್ಲಿಯೇ ಇರುವ ದಂಪತಿಗಳನ್ನು ಗೌಣಾಧಿಕಾರಿಗಳೆಂದೂ ಪರಿಗಣಿಸಲಾಗಿದೆ.

ಪಾಶ್ಚಾತ್ಯರು ಈ ಪುಳಕವನ್ನು ಎಎಸ್‌ಎಂಆರ್ ಎಂದು ಕರೆಯುತ್ತಾರೆ. ಆಟೊನಮಸ್ ಸೆನ್ಸರಿ ಮೆರಿಡಿಯನ್ ರೆಸ್ಪಾನ್ಸ್ ಎಂಬ ಇದರ ಪೂರ್ಣನಾಮವನ್ನು 2010ರಲ್ಲಿ ಅಮೆರಿಕದ ಜೆನಿಫರ್ ಅಲೆನ್ ಎಂಬವರು ರೂಪಿಸಿದರು. ತಲೆ ನೇವರಿಸಿದರೆ ಹಾಯೆನಿಸುತ್ತದೆಂದು ನಾಲ್ಕು ಜನರೆದುರು ಹೇಳಿಕೊಳ್ಳಲು ಯಾರಿಗಾದರೂ ಸಂಕೋಚವಾಗುವುದರಿಂದ, ವೈದ್ಯರ ಚೀಟಿಯಿಂದ ಇಳಿದುಬಂದಂತಹ ಗಂಭೀರ ಹೆಸರೊಂದಿದ್ದರೆ ಲಜ್ಜೆ ಕಳೆದೀತೆಂಬುದು ಅವರ ಎಣಿಕೆಯಾಗಿತ್ತು. ಬ್ರಿಟನ್ನಿನ ಸ್ವಾನ್‌ಸೀ ವಿಶ್ವವಿದ್ಯಾಲಯದ ಬ್ಯಾರಟ್ ಮತ್ತು ಡೇವಿಸ್ ಎಂಬ ಸಂಶೋಧಕರು 2015ರಲ್ಲಿ 475 ಜನರನ್ನು ವಿಚಾರಿಸಿ, ಪಿಸುಮಾತಿನಿಂದ ಶೇ 75, ತನ್ನೊಬ್ಬರಿಗೇ ಸಲ್ಲುವ ಆರೈಕೆಯ ಗಮನದಿಂದ ಶೇ 69, ಗರಿಗರಿ ಸದ್ದುಗಳಿಂದ ಶೇ 64, ನಿಧಾನದ ಚಲನೆಯಿಂದ ಶೇ 53 ಮಂದಿಗೆ ಪುಳಕವುಂಟಾಗುವುದೆಂದು ದಾಖಲಿಸಿದರು. ಇದನ್ನು ಕಾಮೋದ್ದೀಪನಕ್ಕೆ ಬಳಸುವವರು ಕೇವಲ ಶೇ 5ರಷ್ಟೆಂದೂ ಅದೇ ಸಮೀಕ್ಷೆ ಹೇಳಿರುವುದರಿಂದ ಗೌಣಾಧಿಕಾರಿಗಳು ಅತ್ತೆಯವರೆದುರು ಅದನ್ನು ಪ್ರಮಾಣವಾಗಿ ಮುಂದಿಡಬಹುದಾದರೂ, ಹಾಗೆ ಮುಂದಿಟ್ಟು ಗೆದ್ದ ಉದಾಹರಣೆ ಲಭ್ಯವಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಪುಳಕವೆಂಬುದು ಹೊಸತೇನಲ್ಲ, ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕಭಾವಗಳ ನಡುವೆ ರೋಮಾಂಚವನ್ನು ಎಣಿಸಿ, ಅದರ ಕಾರಣಗಳಲ್ಲಿ ಭಯ, ಶೀತ, ಹರ್ಷ, ಕ್ರೋಧ, ರೋಗಗಳ ಜೊತೆಗೆ ಸ್ಪರ್ಶವನ್ನೂ ಹೇಳಿರುವನಾದ್ದರಿಂದ ಜೆನಿಫರ್ ಅಲೆನ್ ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ ಎಂಬುದು ಅದರ ಸಾರ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂದು ಸಾಧಿಸುವ ಪಂಡಿತರು ತುಮಕೂರಿನ ಬಿ.ಎಚ್. ರಸ್ತೆಯ ಇಕ್ಕೆಲಗಳಲ್ಲಿಯೂ ವಿಪುಲವಾಗಿರುವುದರಿಂದ ಈ ಪಕ್ಷವನ್ನು ಲಘುವಾಗಿ ಕಾಣಲಾಗದು. ಆದರೆ ರೋಮಾಂಚವು ಮನುಷ್ಯನನ್ನು ಎಬ್ಬಿಸಿ ಕೂರಿಸುವಂಥದು, ಗೃಹಪುಳಕವಾದರೋ ಮಲಗಿಸುವಂಥದು. ಶೆಫೀಲ್ಡ್ ವಿಶ್ವವಿದ್ಯಾಲಯದ ಪೊಯೆರಿಯೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಳಕ ಬಲ್ಲವರ ಹೃದಯಬಡಿತವು ನಿಮಿಷಕ್ಕೆ ಸರಾಸರಿ 3.14ರಷ್ಟು ಇಳಿದಿತ್ತು, ಅದೇ ಹೊತ್ತಿಗೆ ಚರ್ಮದ ವಿದ್ಯುದ್ವಾಹಕತೆ, ಎಂದರೆ ಬೆವರಿನ ಸೂಕ್ಷ್ಮ ಏರಿಳಿತದಿಂದ ಅಳೆಯುವ ಉದ್ವೇಗದ ಗುರುತು, ಏರಿತ್ತು. ಎದೆ ತಣಿದು ತೊಗಲು ಎಚ್ಚತ್ತಿರುವ ಈ ಇಬ್ಬಂದಿಯ ಸ್ಥಿತಿಗೆ ಎಂಟು ಸಾತ್ವಿಕಭಾವಗಳಲ್ಲಿ ಪ್ರತ್ಯೇಕ ಮನೆಯಿಲ್ಲವಾದ್ದರಿಂದ ಭರತನಿಗೆ ನಮಸ್ಕರಿಸಿ ಮುಂದುವರಿಯಲಾಗಿದೆ.

ಪ್ರಕೃತ ಗ್ರಂಥದ ಸಿದ್ಧಾಂತವು ಬೇರೆ. ತುಮಕೂರು ಸೀಮೆಯಲ್ಲಿ ಗೃಹಪುಳಕವು ಎಂದೂ ಅದರದೇ ಹೆಸರಿನಲ್ಲಿ ನಡೆಯುವುದಿಲ್ಲ. ಅದು ಸದಾ ಯಾವುದಾದರೊಂದು ಮನೆಗೆಲಸದ ನೆಪದಲ್ಲಿ ನಡೆಯುತ್ತದೆ. ಇದನ್ನು ನೆಪಸಿದ್ಧಾಂತವೆಂದು ಕರೆಯತಕ್ಕದ್ದು. ಗಂಡನು ಹೆಂಡತಿಯ ಬಳಿಗೆ ಬಂದು ತನ್ನ ತಲೆಯನ್ನು ಹಾಗೇ ನೇವರಿಸೆಂದು ಕೇಳಿದರೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡಲಾಗುತ್ತದೆ; ತಲೆಯಲ್ಲಿ ಹೊಟ್ಟು ಬಂದಂತಿದೆ ನೋಡೆಂದು ಕೇಳಿದರೆ ಅದೇ ನೇವರಿಕೆಯು ಕಾಲು ಗಂಟೆ ನಿರಾತಂಕವಾಗಿ ದೊರೆಯುತ್ತದೆ. ಹೆಂಡತಿಯ ಕಡೆಯಿಂದಲೂ ಸೀರಣಿಗೆ, ಹರಳೆಣ್ಣೆ, ಕಾಲಿಗೆ ಚುಚ್ಚಿದ ಮುಳ್ಳು ಇವು ಸಾಧುವಾದ ನೆಪಗಳು. ಇಲ್ಲದ ಮುಳ್ಳನ್ನು ತೆಗೆಯುವುದು ಇದ್ದ ಮುಳ್ಳನ್ನು ತೆಗೆಯುವುದಕ್ಕಿಂತ ಹೆಚ್ಚು ಕಾಲವನ್ನು ಬೇಡುತ್ತದೆಂಬುದನ್ನು ಉಭಯ ಪಕ್ಷಗಳೂ ಬಲ್ಲವು, ಮತ್ತು ಉಭಯ ಪಕ್ಷಗಳೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ನೆಪಗಳಲ್ಲೆಲ್ಲ ಶ್ರೇಷ್ಠವಾದುದು ಮಾಗಿಯ ಕಾಲದ ಹಿತಕಿದವರೆ. ಸೊಗಡಿನ ಅವರೆಕಾಯಿಯನ್ನು ಸುಲಿದು, ಕಾಳನ್ನು ನೀರಿನಲ್ಲಿ ನೆನೆಹಾಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದನ್ನೇ ಅದುಮಿದಾಗ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುವ ಈ ಕ್ರಿಯೆಯನ್ನು ಬಯಲುಸೀಮೆಯವರು ಹಿತಕುವುದು ಎನ್ನುತ್ತಾರೆ. ಸ್ವಾನ್‌ಸೀಯ ನಾಲ್ಕು ಕಾರಣಗಳೂ ಒಂದೆಡೆ ಕೂಡುವುದು ಇಲ್ಲಿಯೇ. ಎದುರುಬದುರು ಕುಳಿತ ಗಂಡಹೆಂಡಿರ ನಡುವೆ ಸ್ಟೀಲಿನ ಪಾತ್ರೆಯಿರುತ್ತದೆ. ತಳ ಮುಚ್ಚುವವರೆಗೆ ಬೇಳೆಯು ಟಣ್ಣೆಂದು ಬೀಳುತ್ತದೆ, ತಳ ಮುಚ್ಚಿದ ಮೇಲೆ ಟಪ್ಪೆಂದು ಬೀಳುತ್ತದೆ, ಈ ಎರಡು ನಾದಗಳ ಸಂಧಿಕಾಲವೇ ಪುಳಕಕ್ಕೆ ಪ್ರಶಸ್ತವಾದುದು. ಬೀಗರ ಮನೆಯ ವಿಚಾರವನ್ನು ಎತ್ತಿದ ದನಿಯಲ್ಲಿ ಆಡಲಾಗದಾದ್ದರಿಂದ ಪಿಸುಮಾತು ತಾನಾಗಿ ಒದಗುತ್ತದೆ. ಅವಸರಪಟ್ಟರೆ ಕಾಳು ಜಾರಿ ಮಂಚದ ಕೆಳಗೆ ಹೋಗುವುದರಿಂದ ಚಲನೆಯು ನಿಧಾನವಾಗಿಯೇ ಇರಬೇಕಾಗುತ್ತದೆ. ಆರೈಕೆಯ ಗಮನವೊಂದು ಮಾತ್ರ ಸಂಗಾತಿಗೆ ಸಲ್ಲದೆ ಕಾಳಿನೊಳಗಿನ ಹುಳುವಿಗೆ ಸಲ್ಲುವುದುಂಟು. ಅದನ್ನು ದೋಷವೆಂದು ಭಾವಿಸತಕ್ಕದ್ದಲ್ಲ, ಹುಳು ಬಿದ್ದ ಸಾರನ್ನು ಉಣ್ಣುವವರು ಅದೇ ಸಂಗಾತಿಯಷ್ಟೆ.

ಸ್ಪರ್ಶದ ವೇಗವನ್ನು ಕುರಿತು ಶಾಸ್ತ್ರವು ನಿರ್ದಿಷ್ಟವಾಗಿದೆ. ರೋಮವಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಎಂಬ ನವಿರು ನರತಂತುಗಳಿದ್ದು, ನೇವರಿಕೆಯ ಸುಖವನ್ನು ಮಿದುಳಿಗೆ ಮುಟ್ಟಿಸುವ ಇವು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಸವರಿಕೆಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಇದಕ್ಕಿಂತ ನಿಧಾನವಾದರೆ ಸವರುವವರು ನಿದ್ದೆ ಹೋದರೆಂದು ಅನುಮಾನವಾಗುತ್ತದೆ. ಇದಕ್ಕಿಂತ ಬಿರುಸಾದರೆ ಊಟದ ಮೇಜನ್ನು ಒರೆಸಿದಂತಾಗುತ್ತದೆ. ಕ್ರಿಕೆಟ್ ನೋಡುತ್ತ ಸವರುವ ಗಂಡನ ಕೈಯು ಕೊನೆಯ ಓವರಿನಲ್ಲಿ ಈ ಮಿತಿಯನ್ನು ತಪ್ಪದೆ ಮೀರುತ್ತದೆ.

ತುಮಕೂರು ನಗರಕ್ಕೆ ವಿಶಿಷ್ಟವಾದ ನಾದವೆಂದರೆ ಕೈಗಡಿಯಾರದ್ದು. ಇಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆಯಿತ್ತು. 2016ರಲ್ಲಿ ಕೇಂದ್ರ ಸರ್ಕಾರವು ಗಡಿಯಾರ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು, ಕಾರ್ಖಾನೆಯ ಜಾಗವು ಇಸ್ರೋ ಪಾಲಾಯಿತು. ಆದರೆ ಕೀಲಿ ಕೊಡುವ ಜನತಾ ಗಡಿಯಾರವು ಊರಿನ ಹಳೆಯ ಮಣಿಕಟ್ಟುಗಳಲ್ಲಿ ಇಂದಿಗೂ ಗಂಟೆಗೆ 18,000 ಬಡಿತದಂತೆ, ಎಂದರೆ ಸೆಕೆಂಡಿಗೆ ಐದರಂತೆ, ನಡೆಯುತ್ತಿದೆ. ಗಂಡನ ತೋಳನ್ನೇ ದಿಂಬು ಮಾಡಿಕೊಂಡ ಹೆಂಡತಿಯ ಕಿವಿಗೆ ಈ ಬಡಿತವು ಗಾಳಿಯಿಂದಲ್ಲದೆ ಮೂಳೆಯ ಮೂಲಕವೂ ತಲುಪುವುದರಿಂದ, ಇಂತಹ ಪುಳಕಕ್ಕೆ ಮೊಬೈಲಾಗಲಿ ಇಂಟರ್ನೆಟ್ಟಾಗಲಿ ಬೇಕಿಲ್ಲ. ಕ್ವಾರ್ಟ್ಜ್ ಗಡಿಯಾರವು ಸೆಕೆಂಡಿಗೆ ಒಂದೇ ಸಲ ಮಿಡಿಯುವುದರಿಂದ ಅದನ್ನು ಈ ಶಾಸ್ತ್ರದಲ್ಲಿ ಬಡತನವೆಂದು ಪರಿಗಣಿಸಲಾಗಿದೆ.

ಇದೇ ಜಿಲ್ಲೆಯ ಗುಬ್ಬಿ ಪಟ್ಟಣದ ಸ್ಥಿತಿ ಬೇರೆ. ಪಿಸುಮಾತೆಂದರೆ ಧ್ವನಿತಂತುಗಳು ಕಂಪಿಸದೆ, ಬರಿಯ ಉಸಿರು ಗಂಟಲಿನ ಇಕ್ಕಟ್ಟಿನಲ್ಲಿ ನುಗ್ಗುವಾಗ ಹುಟ್ಟುವ ಸದ್ದು. ಅದು ಸ್ವಭಾವತಃ ಒಂದು ದಿಂಬಿನಾಚೆ ಹೋಗಲಾರದು. ಆದರೆ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿದ ಊರಿನಲ್ಲಿ, ಮೈಕು ಬರುವುದಕ್ಕೆ ಮೊದಲು, ನಾಯಕನು ನಾಯಕಿಯ ಕಿವಿಯಲ್ಲಿ ಆಡಿದ ಗುಟ್ಟು ನೆಲದ ಮೇಲೆ ಕುಳಿತ ಕಟ್ಟಕಡೆಯ ಪ್ರೇಕ್ಷಕನಿಗೂ ಮುಟ್ಟಬೇಕಾಗಿತ್ತು. ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದು ಕುರುಕ್ಷೇತ್ರವಾಡಿಸಿದ ಗುಬ್ಬಿ ವೀರಣ್ಣನವರ ಪರಂಪರೆಯಲ್ಲಿ ಪಿಸುಮಾತಿಗೂ ಅದೇ ಗಾತ್ರ. ಈ ಸಂಸ್ಕಾರವು ಊರಿನ ನೀರಿನಲ್ಲಿ ಉಳಿದಿರುವುದರಿಂದಲೇ ಗುಬ್ಬಿಯ ದಂಪತಿಗಳ ಏಕಾಂತದ ಪಿಸುಮಾತಿಗೆ ಮೂರನೆಯ ಮನೆಯಿಂದ ಉತ್ತರ ಬರುತ್ತದೆಂದು ಈ ಗ್ರಂಥವು ಊಹಿಸುತ್ತದೆ. ಗುಬ್ಬಿಯವರು ಇದನ್ನು ಒಪ್ಪುವುದಿಲ್ಲ, ಒಪ್ಪುವುದಿಲ್ಲವೆಂಬುದನ್ನು ಅವರು ಹೇಳಿದ ದನಿಯು ಊಹೆಗೆ ಪೋಷಕವಾಗಿದೆ. ತೋಟದ ಊರಾದ್ದರಿಂದ ಅಲ್ಲಿಯವರು ಅಡಕತ್ತರಿಯ ಕಟುಕು ಸದ್ದನ್ನು ನೆಚ್ಚಿಕೊಳ್ಳುವುದು ಲೇಸು.

ಮೊಬೈಲಿನ ಮೂಲಕ ಪುಳಕ ಪಡೆಯುವ ನವೀನರ ಮತವನ್ನು ಸಂಕ್ಷೇಪವಾಗಿ ಖಂಡಿಸಬಹುದು. ಅಂತಹ ಧ್ವನಿಮುದ್ರಣಗಳು ಬಹುಪಾಲು ಬೈನಾರಲ್ ಕ್ರಮದವು, ಎಂದರೆ ಎರಡು ಕಿವಿಗಳ ಜಾಗದಲ್ಲಿ ಎರಡು ಮೈಕುಗಳನ್ನಿಟ್ಟು, ಸದ್ದು ಎಡದಿಂದ ಬಲಕ್ಕೆ ತಲೆಯ ಸುತ್ತ ಸುಳಿದಂತೆ ಭಾಸವಾಗಿಸುವಂಥವು. ಪ್ರೀತಿಯ ಗುರುತೆಂದು ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡಾಗ ಕಿವಿಯ ಸುತ್ತ ಆಡುವ ಕುಂಚವು ಅರ್ಧ ಕಾಲ ಹೆಂಡತಿಯ ಬಳಿ, ಅರ್ಧ ಕಾಲ ಗಂಡನ ಬಳಿ ಇದ್ದು, ಯಾರ ತಲೆಯನ್ನೂ ಪೂರ್ತಿ ಸುತ್ತುವುದಿಲ್ಲ. ಇನ್ನು ಮಿಸೊಫೋನಿಯಾ, ಎಂದರೆ ಕೆಲವು ನಿರ್ದಿಷ್ಟ ಸದ್ದುಗಳಿಂದ ಕೋಪ ಅಸಹ್ಯಗಳು ಉಕ್ಕುವ ಸ್ಥಿತಿ, ಗೃಹಪುಳಕಕ್ಕೆ ನೇರ ಪ್ರತಿಸ್ಪರ್ಧಿ. ಅನ್ಯರು ಬಸ್ಸಾರನ್ನು ಸೊರ್ರೆಂದು ಹೀರಿದರೆ ಸಹಿಸುವ ಕಿವಿಯು ಸಂಗಾತಿ ಹೀರಿದರೆ ಸಹಿಸದೆಂಬುದು ಸರ್ವಾನುಭವಸಿದ್ಧ.

ಸಂಗಾತಿಯೇ ಏಕೆ ಬೇಕು, ತನ್ನ ತಲೆಗೆ ತಾನೇ ಎಣ್ಣೆಯೊತ್ತಿಕೊಂಡರೆ ಸಾಲದೇ ಎಂಬ ಆಕ್ಷೇಪಕ್ಕೆ ಉತ್ತರವು 1998ರಲ್ಲಿಯೇ ಲಂಡನ್ನಿನಿಂದ ದೊರೆತಿದೆ. ಬ್ಲೇಕ್‌ಮೋರ್, ವೋಲ್ಪರ್ಟ್, ಫ್ರಿತ್ ಎಂಬವರು ತನಗೆ ತಾನೇ ಕಚಗುಳಿ ಇಟ್ಟುಕೊಳ್ಳಲಾಗದ ಕಾರಣವನ್ನು ಶೋಧಿಸಿ, ತನ್ನ ಕೈ ಎಲ್ಲಿ ತಾಕಲಿದೆಯೆಂಬುದನ್ನು ಕಿರುಮಿದುಳು ಮುಂಚೆಯೇ ಊಹಿಸಿ ಆ ಸ್ಪರ್ಶದ ತೀವ್ರತೆಯನ್ನು ಕುಗ್ಗಿಸುವುದೆಂದು ತೋರಿಸಿದರು. ಎಣ್ಣೆಯೊತ್ತುವ ಕೈ ಅನ್ಯರದಾದ ಹೊರತು ಅದು ಎತ್ತ ಹೋಗುವುದೆಂಬ ಕುತೂಹಲವೇ ಹುಟ್ಟದು. ಹೀಗೆ ಪುಳಕವು ಒಬ್ಬರಿಂದ ಇನ್ನೊಬ್ಬರಿಗೆ ಸಲ್ಲಬೇಕಾದ್ದೆಂದಾದ ಕೂಡಲೆ ಋಣವೂ ಹುಟ್ಟುತ್ತದೆ. ಒಬ್ಬರಿಗೆ ಜುಮ್ಮೆನ್ನುವಾಗ ಇನ್ನೊಬ್ಬರಿಗೆ ಹೆಬ್ಬೆರಳು ನೋಯುತ್ತಿರುತ್ತದೆ; ಆ ಋಣವನ್ನು ತೀರಿಸಬೇಕಾದವರು, ಪ್ರಯೋಗವು ಯಶಸ್ವಿಯಾದ ಕಾರಣಕ್ಕಾಗಿಯೇ, ಗೊರಕೆ ಹೊಡೆಯುತ್ತಿರುತ್ತಾರೆ. ಸಾಲ ಪಡೆದವರನ್ನು ಎಬ್ಬಿಸಿ ವಸೂಲು ಮಾಡಿದರೆ ಕೊಟ್ಟ ಪುಳಕವೇ ವ್ಯರ್ಥವಾಗುವುದರಿಂದ ಈ ಋಣವು ತುಮಕೂರು ಜಿಲ್ಲೆಯ ಅನೇಕ ಮನೆಗಳಲ್ಲಿ ಮದುವೆಯ ವರ್ಷದಿಂದಲೂ ಬಾಕಿ ಉಳಿದಿದೆ.

ಕುಣಿಗಲ್ ಎಂದೊಡನೆ ಕೆರೆಯ ಜನಪದಗೀತೆಯನ್ನಷ್ಟೇ ನೆನೆಯುವ ವಿದ್ವಾಂಸರು, ಟಿಪ್ಪುವಿನ ಕಾಲದ್ದೆಂದು ಹೇಳಲಾಗುವ ಅಲ್ಲಿಯ ಕುದುರೆ ಫಾರಮ್ಮನ್ನು ಕಡೆಗಣಿಸಿದ್ದರಿಂದಲೇ ಈ ಋಣದ ಸಮಸ್ಯೆ ಇಷ್ಟು ಕಾಲ ಬಗೆಹರಿಯದೆ ಉಳಿಯಿತು. ಕುದುರೆಗಳು ಜೋಡಿಯಾಗಿ, ಒಂದರ ತಲೆ ಇನ್ನೊಂದರ ಬಾಲದ ಕಡೆಗೆ ಬರುವಂತೆ ನಿಂತು, ಪರಸ್ಪರರ ಹೆಗಲಿನ ಉಬ್ಬನ್ನು ಹಲ್ಲಿನಿಂದ ಮೆಲ್ಲಗೆ ಕೆರೆದುಕೊಳ್ಳುತ್ತವೆ. ಆ ಭಾಗವನ್ನು ಕೆರೆದಾಗ ಕುದುರೆಯ ಹೃದಯಬಡಿತ ಇಳಿಯುವುದೆಂದು ಫೇ ಮತ್ತು ದ ಮಾಜಿಯೇರ್ ಎಂಬ ಸಂಶೋಧಕರು 1993ರಲ್ಲಿ, ಶೆಫೀಲ್ಡಿನವರು ಮನುಷ್ಯರನ್ನು ಅಳೆಯುವುದಕ್ಕೆ 25 ವರ್ಷ ಮುಂಚೆಯೇ, ವರದಿ ಮಾಡಿದ್ದರು. ಕೊಡುವುದೂ ಪಡೆಯುವುದೂ ಒಂದೇ ಕ್ಷಣದಲ್ಲಿ ಮುಗಿಯುವುದರಿಂದ ಕುದುರೆಗಳಲ್ಲಿ ಬಾಕಿಯೆಂಬುದಿಲ್ಲ. ಈ ಕ್ರಮವನ್ನು ದಂಪತಿಗಳು ಅನುಸರಿಸಬಹುದೆಂದು ಶಾಸ್ತ್ರವು ವಿಧಿಸುತ್ತದಾದರೂ, ಇಬ್ಬರೂ ಏಕಕಾಲಕ್ಕೆ ಇಬ್ಬರ ತಲೆಗೂ ಹರಳೆಣ್ಣೆಯೊತ್ತುವಾಗ ಮೊಣಕೈಗಳು ಡಿಕ್ಕಿ ಹೊಡೆಯುವುದು, ಎಣ್ಣೆಯು ಕಣ್ಣಿಗಿಳಿಯುವುದು ಮೊದಲಾದ ವಿಘ್ನಗಳಿವೆ. ಮೇಲಾಗಿ ದಿಂಬಿನ ಗವಸನ್ನು ಮಾರನೆಯ ದಿನ ಯಾರು ಒಗೆಯಬೇಕೆಂಬ ಪ್ರಶ್ನೆಯು ಕುಣಿಗಲ್ಲಿನ ಕುದುರೆಗಳಿಗೆ ಎಂದೂ ಎದುರಾಗಿಲ್ಲ.