ಪದಕ ಅಗ್ಗ, ಪ್ರಯೋಗಾಲಯ ದುಬಾರಿ

ವಿಜ್ಞಾನಿಗಳಿಗೆ ಸನ್ಮಾನ ಮಾಡುವುದರಲ್ಲಿ ನಮ್ಮ ಸರ್ಕಾರಗಳದ್ದು ಎತ್ತಿದ ಕೈ. ಸಂಶೋಧನೆಗೆ ದುಡ್ಡು ಕೊಡಿ ಎಂದರೆ ಮಾತ್ರ ಆ ಕೈ ಜೇಬು ಬಿಟ್ಟು ಮೇಲೇಳುವುದಿಲ್ಲ.

2024ರ ಆಗಸ್ಟ್ 22ರಂದು ರಾಷ್ಟ್ರಪತಿ ಭವನದಲ್ಲಿ ಮೊದಲ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳ ಪ್ರದಾನ ನಡೆಯಿತು. ಜೀವಮಾನದ ಸಾಧನೆಗೆ ಕೊಡುವ 'ವಿಜ್ಞಾನ ರತ್ನ' ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೆ ಸಂದಿತು. ಆಗ ಅವರಿಗೆ 86 ವರ್ಷ. ಪಡೆದವರ ಬಗ್ಗೆ ತಕರಾರಿಲ್ಲ. ತಕರಾರು ಕೊಟ್ಟವರ ಬಗ್ಗೆ.

ಕೊಟ್ಟದ್ದೇನು? ಒಂದು ಪದಕ, ಒಂದು ಪ್ರಶಸ್ತಿ ಪತ್ರ. ನಗದು ಸೊನ್ನೆ. ಹಿಂದೆ ಭಟ್ನಾಗರ್ ಪ್ರಶಸ್ತಿ ಗೆದ್ದ ಯುವ ವಿಜ್ಞಾನಿಗೆ 5 ಲಕ್ಷ ರೂಪಾಯಿಯಾದರೂ ಸಿಗುತ್ತಿತ್ತು. ಈಗ ಯುವ ವಿಜ್ಞಾನಿಗಳ ಪುರಸ್ಕಾರದಲ್ಲಿ ಭಟ್ನಾಗರ್ ಹೆಸರು ಉಳಿದಿದೆ, ದುಡ್ಡು ಹೋಗಿದೆ. ಗೌರವಕ್ಕೆ ಬೆಲೆ ಕಟ್ಟಬಾರದು ನೋಡಿ!

2025ರ ವಿಜ್ಞಾನ ರತ್ನ ಖಭೌತ ವಿಜ್ಞಾನಿ ಜಯಂತ ನಾರ್ಳೀಕರ್ ಅವರಿಗೆ. ಅವರು ತೀರಿಕೊಂಡದ್ದು ಮೇ ತಿಂಗಳಲ್ಲಿ, ಪ್ರಶಸ್ತಿ ಪ್ರಕಟವಾದದ್ದು ಅಕ್ಟೋಬರ್‌ನಲ್ಲಿ. ಅನುಕೂಲವೇ ಆಯಿತು. ತೀರಿಕೊಂಡವರು ಅನುದಾನ ಕೇಳುವುದಿಲ್ಲ.

ಬದುಕಿರುವವರು ಕೇಳುತ್ತಾರೆ. 2013ರ ನವೆಂಬರ್‌ನಲ್ಲಿ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೆ ಭಾರತ ರತ್ನ ಘೋಷಣೆಯಾಯಿತು. ಮರುದಿನವೇ ಅವರು, ವಿಜ್ಞಾನಕ್ಕೆ ಚಿಲ್ಲರೆ ಕಾಸು ಕೊಡುವ ರಾಜಕಾರಣಿಗಳನ್ನು ಈಡಿಯಟ್‌ಗಳೆಂದು ಸಿಡಿದರು. ಊರೆಲ್ಲ ಬೈಗುಳದ ಬಗ್ಗೆ ಚರ್ಚಿಸಿತು. ಕಾಸಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಏಳು ವರ್ಷ ಕಳೆದ ಮೇಲೂ, 2020–21ರಲ್ಲಿ, ಸಂಶೋಧನೆಗೆ ದೇಶ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64. ಚೀನಾ ಶೇ 2.4 ಸುರಿಯುತ್ತಿತ್ತು. ನಾವು ಭಾಷಣದಲ್ಲಿ ವಿಶ್ವಗುರು.

ಗುರುವಿಗೆ ತೆರಿಗೆಯಲ್ಲಿ ರಿಯಾಯಿತಿಯೂ ಉಳಿಯಲಿಲ್ಲ. ವಿಶ್ವವಿದ್ಯಾಲಯಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗಿದ್ದ ಶೇ 5ರ ಜಿಎಸ್‌ಟಿ 2022ರ ಜುಲೈನಲ್ಲಿ ರದ್ದಾಯಿತು. ಹಲವಕ್ಕೆ ಶೇ 18 ಬಿತ್ತು. ಸಾಲದೆಂಬಂತೆ, ಸಂಶೋಧನಾ ಅನುದಾನಕ್ಕೂ ಜಿಎಸ್‌ಟಿ ಕಟ್ಟಿ ಎಂದು ದೆಹಲಿ ಐಐಟಿಗೆ ನೋಟಿಸ್ ಹೋಯಿತು. ಗದ್ದಲವೆದ್ದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಗೆ ಜ್ಞಾನೋದಯವಾಗಿ ವಿನಾಯಿತಿ ಸಿಕ್ಕಿತು.

ಇತ್ತ ರಾಜ್ಯದ ವಿಶ್ವವಿದ್ಯಾಲಯಗಳನ್ನು ನೋಡಿ. ಪ್ರಾಧ್ಯಾಪಕರು ನಿವೃತ್ತರಾದರೆ ಕುರ್ಚಿಯೂ ನಿವೃತ್ತ. ಪಾಠಕ್ಕೆ ಅತಿಥಿ ಉಪನ್ಯಾಸಕರು. ಆ ಅತಿಥಿಗಳಿಗೆ ಸತ್ಕಾರವಿಲ್ಲ, ಸಂಬಳವೂ ಸರಿಯಾಗಿಲ್ಲ. ಸಂಶೋಧನಾ ವಿದ್ಯಾರ್ಥಿಗಳು ಫೆಲೋಶಿಪ್ ಬಾಕಿ ಕೊಡಿ ಎಂದು ಧರಣಿ ಕೂರಬೇಕು. ಕೆಮಿಕಲ್ ತರಿಸಲು ಮೂರು ಕೊಟೇಶನ್, ಹತ್ತು ಸಹಿ.

ಈ ಎಲ್ಲವನ್ನೂ ದಾಟಿ, ಯಾರಾದರೂ ಎಂಬತ್ತು ಮುಟ್ಟುವವರೆಗೆ ವಿಜ್ಞಾನ ಮಾಡಿದರೆ ಸರ್ಕಾರ ಓಡೋಡಿ ಬಂದು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತದೆ.

ನಲವತ್ತು ವರ್ಷದ ನಂತರ ಪದಕ ಪಡೆಯಬೇಕಾದವರು ಇವತ್ತು ಲ್ಯಾಬಿನಲ್ಲಿರಬೇಕಿತ್ತು. ಅವರು ವೀಸಾ ಸಾಲಿನಲ್ಲಿದ್ದಾರೆ. ಚಿಂತೆಯಿಲ್ಲ. ಪದಕದ ಖರ್ಚೂ ಉಳಿಯಿತು.